ಕುರ್ಚಿ ಆರುವ ಮೊದಲು

"ಏಳಿ, ಏಳಿ, ಬೇಗ ಏಳಿ," ಎಂದು ಸೀತಾಪತಿಯವರು ನನ್ನ ತೋಳು ಹಿಡಿದು ಕುರ್ಚಿಯಿಂದ ಎಬ್ಬಿಸಿದರು. ಪ್ಯಾಂಟನ್ನು ಮೊಣಕಾಲಿನ ಹತ್ತಿರ ಚೂರು ಮೇಲೆಳೆದುಕೊಂಡು, ನಾನು ಕೂತಿದ್ದ ಜಾಗದಲ್ಲೇ ಕೂತು ಕಣ್ಣು ಮುಚ್ಚಿದರು. ಪಕ್ಕದಲ್ಲಿ ನಿಂತಿದ್ದ ಅಮ್ಮ, ಕುಕ್ಕರ್ ಕೂಗುವುದನ್ನು ಕಾಯುವವಳ ಹಾಗೆ ಅವರ ಮುಖವನ್ನೇ ನೋಡುತ್ತಿದ್ದಳು.

ಮೊದಲು ಅವರ ಹುಬ್ಬು ಗಂಟಿಕ್ಕಿತು. ಆಮೇಲೆ ಸಡಿಲವಾಯಿತು. ಬಲಗೈ ತಾನಾಗಿಯೇ ಮೇಲೆದ್ದು ಗಾಳಿಯಲ್ಲಿ ಯಾರದೋ ಕೆನ್ನೆ ಸವರಿತು. ತುಟಿಯ ಮೇಲೆ ಒಂದು ಸಣ್ಣ ನಗು ಮೂಡಿತು, ಕಣ್ಣಂಚು ಒದ್ದೆಯಾಯಿತು. ಆ ನಗು ತಮ್ಮದೇ ಮುಖದ ಮೇಲಿದೆ ಎಂದು ಅವರಿಗೆ ಗೊತ್ತಾದದ್ದೇ ತಡ, ಕೆಂಡದ ಮೇಲೆ ಕೂತವರಂತೆ ಹಾರಿ ಎದ್ದರು.

"ಗಡ್ಡ!" ಎಂದರು. "ಗಡ್ಡ ಚುಚ್ಚಿತು ಕಣ್ರೀ, ಅಂಗೈಗೆ!"

"ಯಾರ ಗಡ್ಡ ಸಾರ್?" ಎಂದಳು ಅಮ್ಮ.

"ನನಗೇನಮ್ಮ ಗೊತ್ತು? ನನಗೆ ಮದುವೆಯಾಗಿದೆ, ಎರಡು ಮಕ್ಕಳಿವೆ." ಗೋಡೆಯ ಮೇಲಿದ್ದ ಸಂಸಾರದ ಫೋಟೋವನ್ನು ನಮಗೂ ತಮಗೂ ಒಟ್ಟಿಗೆ ತೋರಿಸಿಕೊಂಡು, ಒಳಗಿನಿಂದ ಹೆಂಡತಿಯನ್ನು ಕೂಗಿ ನೀರು ತರಿಸಿದರು. ಆಕೆ ಲೋಟ ಕೊಟ್ಟು ಹೊರಟರೆ, "ಸ್ವಲ್ಪ ಇಲ್ಲೇ ನಿಂತಿರು," ಎಂದರು. ಆಕೆ ನಿಂತರು. ಇವರು ಹೆಂಡತಿಯ ಮುಖವನ್ನು, ಕೆನ್ನೆಯನ್ನು, ಕಳೆದುಕೊಂಡ ವಸ್ತು ಸಿಕ್ಕಿತೋ ಇಲ್ಲವೋ ಎಂದು ನೋಡುವವರಂತೆ ನೋಡಿದರು. "ಏನಾಯ್ತು ನಿಮಗೆ? ಪೇಷಂಟ್ ಎದುರಿಗೆ!" ಎಂದು ಆಕೆ ನಾಚಿಕೊಂಡು ಒಳಗೆ ಹೋದರು.

ನೀರು ಕುಡಿದು ಸೀತಾಪತಿಯವರು ಮತ್ತೆ ಡಾಕ್ಟರಾದರು. "ಇದು ಹೋಗಬೇಕು. ಬೆಳಿಗ್ಗೆ ಎದ್ದ ಕೂಡಲೇ ತಣ್ಣೀರು ಸುರಿದ ಕಲ್ಲಿನ ಮೇಲೆ ಕೂರಿಸಿ."

"ಸಾರ್," ಎಂದೆ, "ನಾನು ಬಂದದ್ದು ನಿದ್ದೆ ಬರ್ತಿಲ್ಲ ಅಂತ. ಗಂಟಲಲ್ಲಿ ಅನ್ನ ಇಳೀತಿಲ್ಲ."

"ಮೊದಲು ಗಡ್ಡ ಹೋಗಲಿ. ನಿದ್ದೆ ತಾನಾಗಿ ಬರುತ್ತೆ."

ಸೀತಾಪತಿಯವರನ್ನು ನಾನು ದೂರುವುದಿಲ್ಲ. ನಮ್ಮೂರಿನ ಆಪ್ತ ಸಮಾಲೋಚಕರೆಲ್ಲ ಕೆಲಸ ಮಾಡುವುದೇ ಹೀಗೆ. ಒಬ್ಬರು ಎದ್ದ ಜಾಗ ಆರುವ ಮೊದಲು ಇನ್ನೊಬ್ಬರು ಕೂತರೆ, ಎದ್ದವರ ಮನಸ್ಸಿನಲ್ಲಿದ್ದದ್ದು ಕೂತವರಿಗೆ ಹತ್ತಿಕೊಳ್ಳುತ್ತದೆ. ಇದಕ್ಕೆ ನಾವು ಕಾವು ಹತ್ತುವುದು ಎನ್ನುತ್ತೇವೆ. ಅದಕ್ಕಾಗಿ ನಮ್ಮ ಸಿಟಿ ಬಸ್ಸುಗಳಲ್ಲಿ ಸೀಟುಗಳಿಲ್ಲ. ಹೋಟೆಲಿನಲ್ಲಿ ನಿಂತೇ ತಿನ್ನುತ್ತೇವೆ. ಕೂತು ತಿನ್ನಲೇಬೇಕೆನ್ನುವವರಿಗೆ ಫ್ಯಾಮಿಲಿ ರೂಮ್ ಇದೆ, ಅಲ್ಲಿ ಗಿರಾಕಿ ಎದ್ದ ಕೂಡಲೇ ಸಪ್ಲೈಯರ್ ಒಂದು ಚೊಂಬು ನೀರನ್ನು ಕುರ್ಚಿಗೆ ಸುರಿಯುತ್ತಾನೆ. ಹೀಗಾಗಿ ಊರಿನ ಮರ್ಯಾದಸ್ಥರ ಹಿಂಬದಿ ಯಾವಾಗಲೂ ಒದ್ದೆ. ಕಚೇರಿಗೆ ಹೋಗುವವರು ಬಗಲಲ್ಲಿ ಸ್ವಂತ ಮಣೆ ಇಟ್ಟುಕೊಂಡೇ ಹೋಗುತ್ತಾರೆ. ಪುರಸಭೆಯಲ್ಲಿ ಅಧ್ಯಕ್ಷರು ಬದಲಾದಾಗ ಕುರ್ಚಿಯನ್ನು ಹಗ್ಗ ಕಟ್ಟಿ ಬಾವಿಯೊಳಗೆ ಇಳಿಬಿಟ್ಟು, ಮರುದಿನ ಎತ್ತಿ ಒರೆಸಿ ಕೊಡುತ್ತಾರೆ. ಆದರೂ ಹೊಸ ಅಧ್ಯಕ್ಷರು ಹಳೆಯವರಂತೆಯೇ ಆಗುವುದು ಹೇಗೆ ಎನ್ನುವುದು ನಮ್ಮೂರಲ್ಲಿ ಇನ್ನೂ ಬಗೆಹರಿಯದ ಪ್ರಶ್ನೆ.

ಇದರಿಂದ ಒಂದು ಲಾಭವೆಂದರೆ ನಾವು ಹೆಚ್ಚು ಮಾತಾಡುವುದಿಲ್ಲ. ಗಂಡ ಹೆಂಡತಿ ಜಗಳ ತಾರಕಕ್ಕೆ ಹೋದರೆ ಒಬ್ಬರು ಎದ್ದು ನಿಂತು ತಮ್ಮ ಕುರ್ಚಿ ತೋರಿಸುತ್ತಾರೆ: "ಕೂತು ನೋಡ್ಕೋ." ಅಲ್ಲಿಗೆ ಮಾತು ಮುಗಿಯಿತು. ಮಗು ಅತ್ತರೆ ತಾಯಿ ಏಕೆ ಎಂದು ಕೇಳುವುದಿಲ್ಲ, ಅದನ್ನು ಎತ್ತಿ ಪಕ್ಕಕ್ಕಿಟ್ಟು ಅದರ ಜಾಗದಲ್ಲಿ ಕೂರುತ್ತಾಳೆ. "ಏನಾಯ್ತು?" ಎಂಬ ಪ್ರಶ್ನೆ ನಮ್ಮಲ್ಲಿ ಯಾರಾದರೂ ಪಾತ್ರೆ ಬೀಳಿಸಿದಾಗ ಮಾತ್ರ ಕೇಳಿಬರುತ್ತದೆ.

ಹೆಣ್ಣು ನೋಡುವ ಶಾಸ್ತ್ರದಲ್ಲೂ ಅಷ್ಟೇ. ಉಪ್ಪಿಟ್ಟು ಕಾಫಿ ಆದ ಮೇಲೆ ಹುಡುಗ ಹುಡುಗಿ ಎದ್ದು ಕುರ್ಚಿ ಬದಲಾಯಿಸಬೇಕು. ಒಂದೆರಡು ನಿಮಿಷ ಎಲ್ಲರೂ ಕೆಮ್ಮು ಕೂಡ ಬರದಂತೆ ಕೂತಿರುತ್ತಾರೆ. ನನ್ನ ವಿಷಯ ಅಮ್ಮನಿಗೆ ಗೊತ್ತಾದದ್ದು ಹಾಗೆ. ಹುಡುಗಿಯ ಹೆಸರು ವನಮಾಲಾ, ಬ್ಯಾಂಕಿನಲ್ಲಿ ಕೆಲಸ. ನನ್ನ ಕುರ್ಚಿಯಲ್ಲಿ ಕೂತವಳು ಸ್ವಲ್ಪ ಹೊತ್ತು ನೆಲ ನೋಡಿದಳು. ಆಮೇಲೆ ತನ್ನ ಅಪ್ಪನ ಕಡೆ ತಿರುಗಿ ಬಹಳ ಮರ್ಯಾದೆಯಿಂದ ಹೇಳಿದಳು: "ಇವರು ತುಂಬಾ ಒಳ್ಳೆಯವರು ಅಪ್ಪಾಜಿ. ಆದ್ರೆ ಇವರ ಮನಸ್ಸಲ್ಲಿ ಆಗಲೇ ಒಂದು ಮೀಸೆ ಇದೆ."

ಅವಳ ಕುರ್ಚಿಯಲ್ಲಿ ಕೂತಿದ್ದ ನನಗೂ ಒಂದು ಸಂಗತಿ ಗೊತ್ತಾಗಿತ್ತು. ಅದನ್ನು ನಾನು ಹೇಳಲಿಲ್ಲ. ಉಪ್ಪಿಟ್ಟು ಚೆನ್ನಾಗಿದೆ ಎಂದಷ್ಟೇ ಹೇಳಿದೆ.

ಮೀಸೆ ತಿಪ್ಪೇಶನದು. ಗಡ್ಡವೂ ಅವನದೇ, ಕ್ಷೌರಕ್ಕೆ ಸೋಮಾರಿ. ಅವನು ಶಾಮಿಯಾನ, ಪಾತ್ರೆ, ಕುರ್ಚಿ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದ. ನಾನು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ವಾರ್ಷಿಕೋತ್ಸವಕ್ಕೆ ಕುರ್ಚಿ ತರಲು ಹೋದವನು ಅಲ್ಲೇ ಉಳಿದೆ. ಇಡೀ ಊರಿನಲ್ಲಿ ಹಿಂದೆಮುಂದೆ ನೋಡದೆ ಎಲ್ಲೆಂದರಲ್ಲಿ ಕೂರುತ್ತಿದ್ದವನು ಅವನೊಬ್ಬನೇ. ಮದುವೆ ಮುಗಿದ ಮೇಲೆ ಬೀಗರು ಎದ್ದ ಬಿಸಿ ಬಿಸಿ ಕುರ್ಚಿಗಳ ಮೇಲೆ ಕೂತು, "ಈಯಪ್ಪನಿಗೆ ಹೋಳಿಗೆ ಸಾಲಲಿಲ್ಲ," "ಈಯಮ್ಮನಿಗೆ ಅಳಿಯ ಇಷ್ಟವಿಲ್ಲ, ಅಳಿಯನ ಅಣ್ಣ ಇಷ್ಟ," ಎಂದು ನನಗೆ ಹೇಳಿ ನಗಿಸುತ್ತಿದ್ದ. ನಾನು ಎದ್ದಲ್ಲಿ ಅವನು, ಅವನು ಎದ್ದಲ್ಲಿ ನಾನು ಕೂರುವುದು ನಮ್ಮ ಆಟವಾಗಿತ್ತು. ನನ್ನನ್ನು ಕಂಡರೆ ಅವನಿಗೆ ಎಷ್ಟು ಇಷ್ಟ ಎನ್ನುವುದು ನನಗೆ ಗೊತ್ತಾದದ್ದೂ ಒಂದು ಕಬ್ಬಿಣದ ಮಡಚು ಕುರ್ಚಿಯಿಂದ. ಅವನು ಬಾಯಲ್ಲಿ ಯಾವತ್ತೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ.

ಹೆಣ್ಣು ನೋಡುವ ಶಾಸ್ತ್ರದ ಹೊತ್ತಿಗೆ ತಿಪ್ಪೇಶ ಊರು ಬಿಟ್ಟಾಗಿತ್ತು. ಅಂಗಡಿ ಖಾಲಿ ಮಾಡಿ, ಸಾಮಾನೆಲ್ಲ ಲಾರಿಗೆ ಹೇರಿಕೊಂಡು, ಬೆಟ್ಟದಾಚೆಯ ಯಾವುದೋ ಊರಿಗೆ ಹೋದ. ಒಂದು ಮಡಚು ಕುರ್ಚಿ ನನ್ನಲ್ಲಿ ಉಳಿಯಿತು. ಅದನ್ನು ನನ್ನ ಕೋಣೆಯಲ್ಲಿಟ್ಟು, ಮೇಲೆ ಬಿಸಿನೀರಿನ ಚೀಲವಿಟ್ಟು, ಶಾಲು ಹೊದಿಸಿದ್ದೆ. ಕಾವು ಹಾಗೆ ಉಳಿಯುವುದಿಲ್ಲ ಎಂದು ಚಿಕ್ಕ ಮಕ್ಕಳಿಗೂ ಗೊತ್ತು. ಅಮ್ಮ ನೋಡಿ, "ಸೊಂಟ ನೋವೇನೋ ಸುದ್ದು?" ಎಂದು ಕೇಳಿದಳು. ಹೌದೆಂದೆ. ಮುಲಾಮು ತಂದುಕೊಟ್ಟಳು.

ಹೀಗೆ ನಮ್ಮಿಬ್ಬರಿಗೂ ಡಾಕ್ಟರ್ ಬೇಕಾಗಿದ್ದರು, ಆದರೆ ಬೇರೆ ಬೇರೆ ಕಾಯಿಲೆಗೆ. ಅಮ್ಮ ಮೀಸೆಗೆ ಔಷಧಿ ಹುಡುಕುತ್ತಿದ್ದಳು. ನನಗೆ ಮೀಸೆಯ ಬಗ್ಗೆ ಯಾವ ತಕರಾರೂ ಇರಲಿಲ್ಲ. ಮೀಸೆ ಹೊರಟುಹೋಯಿತು ಎನ್ನುವುದು ನನ್ನ ಕಾಯಿಲೆ.

ಸೀತಾಪತಿಯವರ ನಂತರ ನಾನೇ ಒಬ್ಬರನ್ನು ಹುಡುಕಿದೆ. ಸುಚೇತಾ ಮೇಡಂ. ಅವರ ಬೋರ್ಡಿನ ಮೇಲೆ ಕಾಮನಬಿಲ್ಲಿನ ಬಣ್ಣಗಳಲ್ಲಿ "ಎಲ್ಲರಿಗೂ ಸ್ವಾಗತ" ಎಂದು ಬರೆದಿತ್ತು. ಅಕ್ಷರ ಚೆನ್ನಾಗಿರಲಿಲ್ಲ, ಆದರೂ ಒಳಗೆ ಹೋದೆ. ಅಮ್ಮ ಜೊತೆಗೇ ಬಂದಳು. ಸುಚೇತಾ ಮೇಡಂ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ನನ್ನಲ್ಲಿ ಭೇದಭಾವ ಇಲ್ಲ. ನೀವು ಹೇಗಿದ್ದೀರೋ ಹಾಗೇ ನಿಮ್ಮನ್ನ ಒಪ್ಪಿಕೊಳ್ತೀನಿ," ಎಂದರು. ಕೂತೆ, ಎದ್ದೆ. ಅವರು ಬೀರುವಿನಿಂದ ಒಂದು ಕಂಬಳಿ ತೆಗೆದು ನಾನು ಕೂತಿದ್ದ ಕುರ್ಚಿಗೆ ಹಾಸಿದರು. ಅದರ ಮೇಲೆ ಇನ್ನೊಂದು ಕಂಬಳಿ. ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ದಿಂಬು, ಮಕ್ಕಳ ಹಾಸಿಗೆ. ಆಮೇಲೆ ಸ್ಟೂಲ್ ಹತ್ತಿ ಎಲ್ಲದರ ಮೇಲೆ ಕೂತರು. ಕಾಲು ನೆಲಕ್ಕೆ ಎಟುಕದೆ ತೂಗಾಡುತ್ತಿತ್ತು. ತಲೆ ಫ್ಯಾನಿಗೆ ತಾಗೀತೆಂದು ಅಮ್ಮ ಓಡಿಹೋಗಿ ಸ್ವಿಚ್ ಆರಿಸಿದಳು.

"ಏನನ್ನಿಸ್ತಿದೆ ಮೇಡಂ?" ಎಂದೆ ಕೆಳಗಿನಿಂದ.

"ಏನೂ ಇಲ್ಲ," ಎಂದರು ಮೇಲಿನಿಂದ, ಸಂತೋಷವಾಗಿ. "ಎಲ್ಲಾ ನಾರ್ಮಲ್ ಆಗಿದೆ. ನೀವು ಸುಮ್ಮನೆ ತಲೆ ಕೆಡಿಸಿಕೊಂಡಿದ್ದೀರಿ."

ಇಳಿಯುವಾಗ ಅವರಿಗೆ ನಮ್ಮಿಬ್ಬರ ಸಹಾಯ ಬೇಕಾಯಿತು.

ಆಮೇಲೆ ಅಮ್ಮನ ಸರದಿ. ಅವಳು ಕರೆದುಕೊಂಡು ಹೋದದ್ದು ಪ್ರೊಫೆಸರ್ ಚನ್ನವೀರಯ್ಯನವರ ಹತ್ತಿರ. ಊರಿನಲ್ಲಿ ಅವರಷ್ಟು ಹಳಬರಿಲ್ಲ. ಕಾವು ಹಿಡಿಯುವುದರಲ್ಲಿ ಎತ್ತಿದ ಕೈ. ಕುರ್ಚಿ ಅರ್ಧ ಆರಿದ್ದರೂ ಅಜ್ಜನ ಕಾಲದ ಸಂಗತಿ ಹೇಳುತ್ತಾರೆ ಎಂದು ಪ್ರತೀತಿ. ದೃಷ್ಟಿ ಮಾತ್ರ ಮಂದವಾಗಿತ್ತು, ಕನ್ನಡಕ ಹಾಕಿಕೊಳ್ಳುತ್ತಿರಲಿಲ್ಲ. ಮಗನನ್ನು ಒಬ್ಬನನ್ನೇ ಬಿಡಲಾರೆನೆಂದು ಅಮ್ಮ ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು. ಪ್ರೊಫೆಸರು ಇಬ್ಬರನ್ನೂ ಏಳಿ ಎಂದರು, ಎದ್ದೆವು. ಗೋಡೆ ಹಿಡಿದುಕೊಂಡು ಬಂದು, ಕೈಯಲ್ಲಿ ತಡವಿ, ಹುಷಾರಾಗಿ ಕೂತರು. ಅಮ್ಮನ ಕುರ್ಚಿಯಲ್ಲಿ.

ಅಮ್ಮ ಬಾಯಿ ತೆರೆದಳು. ಅವರು ಬೆರಳೆತ್ತಿ ಸುಮ್ಮನಾಗಿಸಿದರು.

"ಮೊಣಕಾಲು ನೋವಿದೆ," ಎಂದರು ನನಗೆ. "ಎಡಗಡೇದು."

"ಇಲ್ಲ ಸಾರ್."

"ಇದೆ. ಮಗನ ಚಿಂತೆ ನಿಮಗೆ."

"ನನಗೆ ಮಗ ಇಲ್ಲ ಸಾರ್."

"ಒಪ್ಪಿಕೊಳ್ಳೋದು ಕಷ್ಟ. ಎಲ್ಲರೂ ಮೊದಲು ಹೀಗೇ ಅಂತಾರೆ," ಎಂದು ತಲೆದೂಗಿದರು. "ಬಾಯಿಗೆ ಸೆರಗು ಅಡ್ಡ ಹಿಡಿದು ನಗೋ ಒಬ್ಬ ಹೆಂಗಸಿದ್ದಾಳೆ, ಹಣೆ ತುಂಬಾ ಕುಂಕುಮ. ಅವಳು ನಕ್ಕುಬಿಡ್ತಾಳಲ್ಲ ಅಂತ ನಿಮಗೆ ಭಯ. ಅದು ಮೇಲಿನದು. ಅದರ ಕೆಳಗೆ ಇನ್ನೊಂದಿದೆ. ನೀವು ಹೋದಮೇಲೆ ಮಗ ಒಬ್ಬನೇ ಆಗ್ತಾನೆ, ಜ್ವರ ಬಂದ್ರೆ ಗಂಜಿ ಕಾಯಿಸೋರು ಯಾರು ಅಂತ. ಹೆಣ್ಣೋ ಗಂಡೋ, ಯಾರೋ ಒಬ್ಬರು ಗಂಜಿ ಕಾಯಿಸೋಕೆ ಬಂದ್ರೆ ಸಾಕು ಅನ್ನೋ ತನಕ ಬಂದಿದ್ದೀರಿ ನೀವು. ಬಾಯಿಬಿಟ್ಟು ಹೇಳೋಕೆ ಮಾತ್ರ ಜಂಬ."

ಕುಂಕುಮದ ಹೆಂಗಸು ನನ್ನ ಸೋದರತ್ತೆ ರುಕ್ಮಿಣಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅಮ್ಮನ ಕಿವಿ ಕೆಂಪಾಗಿತ್ತು.

"ಸಾರ್," ಎಂದಳು, ಬಹಳ ಸಣ್ಣ ದನಿಯಲ್ಲಿ. "ಅದು ನನ್ನ ಕುರ್ಚಿ."

ಪ್ರೊಫೆಸರು ಒಂದು ಗಳಿಗೆ ಕಣ್ಣು ಪಿಳುಕಿಸಿದರು. ಅಷ್ಟು ವರ್ಷದ ಅನುಭವಸ್ಥರು ಸೋಲುತ್ತಾರೆಯೇ? "ಇರಲಿ. ಕಾಯಿಲೆ ಇದ್ದದ್ದು ನಿಜ ತಾನೆ?" ಎಂದರು.

ಅಮ್ಮ ನನ್ನ ಮುಖ ನೋಡಲಿಲ್ಲ. ತನ್ನದು ಬಯಲಾಯಿತು, ಇನ್ನು ಇವನದೂ ನೋಡಿಯೇಬಿಡುತ್ತೇನೆ ಎನ್ನುವ ಹಟ ಬಂತೋ, ಅಥವಾ ಕಾಲು ನಿಜವಾಗಿಯೂ ಸೋತಿತೋ, ದಢಕ್ಕನೆ ನನ್ನ ಕುರ್ಚಿಯಲ್ಲಿ ಕೂತುಬಿಟ್ಟಳು. ನಾನು ಚಿಕ್ಕವನಿದ್ದಾಗ ಕೂತವಳು. ಆಮೇಲೆ ಎಷ್ಟೋ ವರ್ಷಗಳಿಂದ ನಾನೆದ್ದ ಜಾಗವನ್ನು ಸುತ್ತುಬಳಸಿ ಹೋಗುತ್ತಿದ್ದವಳು. ಇನ್ನೂ ಚೂರು ಕಾವು ಇದ್ದಿರಬೇಕು. ಅವಳ ಕೈ ಗಾಳಿಯಲ್ಲಿ ಏಳಲಿಲ್ಲ, ನಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಮುಂದಕ್ಕೆ ಬಾಗಿದಳು. ಬಹಳ ಹೊತ್ತಿನ ಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು.

"ನಿಮ್ಮಪ್ಪ ಹೋದಾಗಲೂ ನನಗೆ ಇಷ್ಟು ಆಗಿರಲಿಲ್ಲ ಕಣೋ," ಎಂದಳು. ದನಿಯಲ್ಲಿ ಮರುಕವಿತ್ತು, ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ದಾರಿಯಲ್ಲಿ ಹೋಟೆಲಿಗೆ ಕರೆದುಕೊಂಡು ಹೋಗಿ, ಕೇಳದೆಯೇ ನನಗೆ ಮಸಾಲೆ ದೋಸೆ ಹೇಳಿದಳು. ಕಟ್ಟೆಗೆ ಒರಗಿ ನಿಂತು ತಿನ್ನುತ್ತಿರುವಾಗ, ಚಟ್ನಿಯನ್ನು ನನ್ನ ಕಡೆ ಸರಿಸುತ್ತ, "ಯಾರವನು?" ಎಂದಳು.

"ಶಾಮಿಯಾನದ ತಿಪ್ಪೇಶ."

"ಯಾರು, ನಮ್ಮ ವಸುಧಾ ಮನೆ ಗೃಹಪ್ರವೇಶಕ್ಕೆ ಕಾಲು ಮುರಿದ ಕುರ್ಚಿ ತಂದು ಹಾಕಿದ್ದನಲ್ಲ, ಅವನಾ?"

"ಒಂದೇ ಕುರ್ಚಿ ಮುರಿದಿದ್ದು ಅಮ್ಮ."

"ಆ ಒಂದರಲ್ಲೇ ನಾನು ಕೂತಿದ್ದು." ಒಂದು ತುತ್ತು ತಿಂದಳು. "ನೋಡೋಕೆ ಲಕ್ಷಣವಾಗಿದ್ದ, ಅದು ಬೇರೆ ಮಾತು."

ಅದರ ಮುಂದೆ ಅವಳು ಏನನ್ನೂ ಕೇಳಲಿಲ್ಲ. ಕೂತು ನೋಡಿದ ಮೇಲೆ ಕೇಳುವುದೇನಿದೆ?

ಅಂದಿನಿಂದ ಅಮ್ಮ ಹುಡುಕಾಟವನ್ನು ತನ್ನ ಕೈಗೇ ತೆಗೆದುಕೊಂಡಳು. ಯಾವ ಕ್ಲಿನಿಕ್ಕಿಗೆ ಹೋದರೂ ನನ್ನನ್ನು ಹೊಸ್ತಿಲಾಚೆ ನಿಲ್ಲಿಸಿ ತಾನು ಮೊದಲು ಒಳಗೆ ಹೋಗಿ, ‘ರವಿಕೆಯ ತೋಳು ಮಾತ್ರ ಬಿಗಿ ಮಾಡಿ, ಸೊಂಟ ಮುಟ್ಟಬೇಡಿ’ ಎಂದು ಟೈಲರಿಗೆ ತಾಕೀತು ಮಾಡುವ ದನಿಯಲ್ಲಿ ಹೇಳುತ್ತಿದ್ದಳು: "ನಮ್ಮ ಹುಡುಗನನ್ನ ಇನ್ನೊಬ್ಬ ಹುಡುಗ ಬಿಟ್ಟುಹೋಗಿದ್ದಾನೆ. ಬಿಟ್ಟುಹೋಗಿದ್ದಕ್ಕೆ ಮಾತ್ರ ನೋಡಿ. ಹುಡುಗ ಅನ್ನೋದಕ್ಕೆ ಕೈ ಹಾಕಬೇಡಿ." ಒಬ್ಬರು ಎರಡಕ್ಕೂ ಸೇರಿಸಿ ನೋಡುತ್ತೇನೆ ಎಂದರು. ಇನ್ನೊಬ್ಬರು, ಅಂಥ ಹುಡುಗನನ್ನು ಯಾಕೆ ಬಿಟ್ಟುಹೋದ ಎಂದು ತಿಳಿಯಲು ತಿಪ್ಪೇಶನನ್ನೇ ಕರೆತನ್ನಿ ಎಂದರು. ಮತ್ತೊಬ್ಬರು ದೇವರ ಹೆಸರು ತೆಗೆದರು. ಅಮ್ಮ ಅವರೆಲ್ಲರಿಗೂ, "ಆಗಲ್ಲ ಬಿಡಿ," ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಬರುತ್ತಿದ್ದಳು.

ಭುವನೇಶ್ವರಿಯವರು ಸಿಕ್ಕಾಗ ನಮ್ಮ ಅಲೆದಾಟ ಮುಗಿಯಿತೆಂದುಕೊಂಡೆವು. ಅಮ್ಮನ ಷರತ್ತನ್ನು ಅವರು ಪೂರ್ತಿ ಕೇಳುವ ಮೊದಲೇ ಒಪ್ಪಿದರು. ಕಂಬಳಿ ಹಾಸಲಿಲ್ಲ, ನಾನೆದ್ದ ಕುರ್ಚಿಯಲ್ಲಿ ಆರಾಮಾಗಿ ಕೂತರು. ಕೂತವರು ಅಳತೊಡಗಿದರು. "ಅಯ್ಯೋ ನನ್ನಪ್ಪಾ," ಎಂದರು. "ಎಂಥಾ ಪ್ರೀತಿ! ಎಲ್ಲಾ ಗೊತ್ತಾಯ್ತು. ನೀವೇನೂ ಹೇಳಬೇಡಿ." ನಾನು ಏನನ್ನೋ ಹೇಳಲು ಹೊರಟಿದ್ದೆ, ನುಂಗಿಕೊಂಡೆ. ಮುಂದಿನ ಸಲವೂ ಅದೇ. ನಾನು ಹೋಗಿ ಕೂತು ಎದ್ದರೆ ಸಾಕು, ಅವರು ಕೂತು ಅಳುವರು. ನಾನು ಪಕ್ಕದಲ್ಲಿ ನಿಂತು ಅವರಿಗೆ ಕರ್ಚೀಫ್ ಕೊಡುವೆನು. ಅಮ್ಮ ಫ್ಲಾಸ್ಕಿನಲ್ಲಿ ಕಾಫಿ ತರುವುದನ್ನು ರೂಢಿ ಮಾಡಿಕೊಂಡಳು. ಭುವನೇಶ್ವರಿಯವರು ಸೊರಗಿಹೋದರು, ಕಣ್ಣ ಸುತ್ತ ಕಪ್ಪಾಯಿತು, ರಾತ್ರಿ ನಿದ್ದೆ ಇಲ್ಲ, ಅನ್ನ ಸೇರುತ್ತಿಲ್ಲ ಎಂದರು. ನನಗೆ ಮಾತ್ರ ಏನೂ ಕಡಮೆಯಾಗಲಿಲ್ಲ. ನನ್ನದು ನನ್ನಲ್ಲಿ ಹಾಗೇ ಇತ್ತು, ಅದರ ಇನ್ನೊಂದು ಪ್ರತಿ ಅವರಲ್ಲಿತ್ತು.

"ಪಾಪ, ಇನ್ನು ಅವರಿಗೆ ತೊಂದರೆ ಕೊಡೋದು ಬೇಡ," ಎಂದಳು ಅಮ್ಮ. "ಗಂಡ ಮಕ್ಕಳಿರೋ ಹೆಂಗಸು."

ಆ ವಾರವೇ ಬ್ಯಾಂಕಿನಲ್ಲಿ ವನಮಾಲಾ ಸಿಕ್ಕಳು. ಅಮ್ಮ ಪಿಂಚಣಿಗೆ ಹೋದರೆ ಅವಳ ಕೌಂಟರೇ. ಮುರಿದುಹೋದ ಸಂಬಂಧದವರು ಸಾಮಾನ್ಯವಾಗಿ ಮುಖ ತಿರುಗಿಸುತ್ತಾರೆ, ಇವಳು ಗಾಜಿನ ಸಂದಿಯಿಂದ, "ಆಂಟಿ, ಇವರು ತುಂಬಾ ಸೊರಗಿದ್ದಾರೆ," ಎಂದಳು, ನಾನು ಅಲ್ಲಿ ಇಲ್ಲವೇನೋ ಎಂಬಂತೆ.

"ನಿನ್ನಿಂದಲೇ ಕಣಮ್ಮ ಎಲ್ಲಾ. ಎಲ್ಲರ ಎದುರಿಗೆ ಮೀಸೆ ಅಂದುಬಿಟ್ಟೆ."

"ತಪ್ಪಾಯ್ತು ಆಂಟಿ. ನಾನು ಸುಮ್ಮನೆ ಎದ್ದುಬಿಡ್ಬೇಕಿತ್ತು. ಇವರೂ ನನ್ನ ಕುರ್ಚಿಯಲ್ಲಿ ಕೂತಿದ್ರಲ್ಲ, ಅಲ್ಲೂ ಏನಾದ್ರೂ ಕಂಡಿರುತ್ತೆ. ಇವರು ಉಪ್ಪಿಟ್ಟಿನ ವಿಷಯ ಮಾತ್ರ ಹೇಳಿದ್ರು."

ಅಮ್ಮ ನನ್ನ ಕಡೆ ತಿರುಗಿದಳು. "ಅಲ್ಲೂ ಮೀಸೆ ಇತ್ತೇನೋ?"

"ಇಲ್ಲ," ಎಂದೆ. "ಮೀಸೆ ಇರಲಿಲ್ಲ. ಉದ್ದ ಜಡೆ ಇತ್ತು."

ವನಮಾಲಾ ನಕ್ಕಳು. ಅಮ್ಮ ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ಹಾಗಾದ್ರೆ ನಿಮ್ಮಿಬ್ಬರಿಗೆ ಮದುವೆ ಮಾಡಿದ್ದರೆ ಯಾವ ತಂಟೆಯೂ ಇರ್ತಿರಲಿಲ್ಲ," ಎಂದಳು. ನಾವಿಬ್ಬರೂ ಬೇಡವೆಂದು ಒಟ್ಟಿಗೆ ತಲೆಯಾಡಿಸಿದೆವು. ಆಮೇಲೆ ವನಮಾಲಾ ಹಿಂದಿದ್ದ ಗಿರಾಕಿಗೆ ಕಾಯಲು ಸನ್ನೆ ಮಾಡಿ, ದನಿ ತಗ್ಗಿಸಿ ಹೇಳಿದಳು: ಐಸ್ ಫ್ಯಾಕ್ಟರಿಯ ಮಹಡಿಯ ಮೇಲೆ ಜೊಹರಾ ಮೇಡಂ ಎಂದು ಒಬ್ಬರಿದ್ದಾರೆ. ತಾನೂ ತನ್ನ ಜಡೆಯವಳೂ ಅಲ್ಲಿಗೇ ಹೋಗುವುದು. "ಸ್ವಲ್ಪ ವಿಚಿತ್ರ ಅವರು. ಆದ್ರೆ ಹೋಗಿ."

"ಕಾವು ಹೇಗೆ ಹಿಡೀತಾರೆ?" ಎಂದಳು ಅಮ್ಮ.

"ಅದನ್ನ ನೀವೇ ನೋಡಿ," ಎಂದಳು ವನಮಾಲಾ.

ಐಸ್ ಫ್ಯಾಕ್ಟರಿಯ ಮೆಟ್ಟಿಲುಗಳಲ್ಲೇ ಚಳಿ ಹಿಡಿಯಿತು. ಕೆಳಗೆ ಯಂತ್ರಗಳು ಗುಂಯ್‌ಗುಡುತ್ತಿದ್ದವು. ಅಮ್ಮ ಏದುಸಿರು ಬಿಡುತ್ತ, "ಇಂಥಾ ಕಡೆ ಕುರ್ಚಿ ಎಷ್ಟು ಹೊತ್ತು ಬಿಸಿಯಿರುತ್ತೆ? ಎದ್ದ ತಕ್ಷಣ ಕೂರಬೇಕು ಅಂತ ಮೊದಲೇ ಹೇಳಿಬಿಡ್ತೀನಿ," ಎಂದಳು. ಜೊಹರಾ ಮೇಡಂ ಕೋಣೆಯಲ್ಲಿ ಒಂದು ಬೆತ್ತದ ಕುರ್ಚಿ ಇತ್ತು. ಅವರು ಅದರೆದುರು ಕಿಟಕಿಯ ಕೆಳಗಿನ ಕಲ್ಲಿನ ಕಟ್ಟೆಯ ಮೇಲೆ ಕಾಲು ಮಡಚಿ, ಸ್ವೆಟರ್ ಹಾಕಿಕೊಂಡು ಕೂತಿದ್ದರು. ನನ್ನಮ್ಮನ ವಯಸ್ಸಿನವರು. ಅಮ್ಮ ತನ್ನ ಟೈಲರ್ ಮಾತು ಶುರು ಮಾಡಿದಳು. ಅವರು ಪೂರ್ತಿ ಕೇಳಿಸಿಕೊಂಡು, "ಸರಿ. ನೀವು ಹೊರಗೆ ಕೂತಿರಿ," ಎಂದರು. ಅಮ್ಮ ಬಾಗಿಲಿನವರೆಗೆ ಹೋದಳು. ಒಂದು ಕಾಲು ಹೊರಗಿಟ್ಟಳು, ನೋವಿರುವ ಕಾಲನ್ನು ಒಳಗೇ ಬಿಟ್ಟಳು.

ನಾನು ಬೆತ್ತದ ಕುರ್ಚಿಯಲ್ಲಿ ಕೂತೆ. ಏಳಲು ಹೇಳುತ್ತಾರೆಂದು ಕಾದೆ.

"ಅವರ ಹೆಸರೇನು?" ಎಂದರು.

"ತಿಪ್ಪೇಶ."

"ಎಷ್ಟು ದಿನ ಜೊತೆಗಿದ್ರಿ?" ನನ್ನ ಸಹೋದ್ಯೋಗಿಯನ್ನು ಅವನ ಹೆಂಡತಿಯ ವಿಷಯ ಕೇಳುವಾಗ ಯಾರೂ ದನಿಯನ್ನು ಮೆತ್ತಗೆ ಮಾಡುವುದಿಲ್ಲವಲ್ಲ, ಅಂಥ ದನಿ.

"ಆರು ವರ್ಷ."

"ಏನಾಯ್ತು?"

ನಾನು ಅಭ್ಯಾಸಬಲದಿಂದ ನೆಲ ನೋಡಿದೆ, ಪಾತ್ರೆಯೇನಾದರೂ ಬಿತ್ತೇ ಎಂದು. ಏನೂ ಬಿದ್ದಿರಲಿಲ್ಲ. ಅವರು ನನ್ನನ್ನೇ ನೋಡುತ್ತ ಕೂತಿದ್ದರು. ಗಡ್ಡ ಚುಚ್ಚಿಸಿಕೊಂಡವರಾಗಲಿ, ನನ್ನ ಬದಲು ಅತ್ತವರಾಗಲಿ, ನನ್ನ ತಾಯಿಯಾಗಲಿ ಇದನ್ನು ಕೇಳಿರಲಿಲ್ಲ. ಎಲ್ಲರಿಗೂ ಸಿಕ್ಕಿದ್ದು ನೋವು. ಅದು ಹೇಗಾಯಿತೆನ್ನುವುದು ಕಾವಿನಲ್ಲಿ ಬರುವುದಿಲ್ಲ.

ಆದದ್ದು ಇಷ್ಟೇ. ಒಂದು ಸಂಜೆ ಅಂಗಡಿಯ ಹಿಂದೆ, ಮಡಚಿಟ್ಟ ಕುರ್ಚಿಗಳ ನಡುವೆ ನಾವಿಬ್ಬರೂ ಕೂತಿದ್ದ ಹೊತ್ತು. ತಿಪ್ಪೇಶ ಟೀ ತರಲು ಎದ್ದ. ನಮ್ಮ ಆಟದಂತೆ ನಾನು ಅವನ ಕುರ್ಚಿಗೆ ಜರುಗಿದೆ. ಅಲ್ಲಿ ನಾನಿರಲಿಲ್ಲ. ಸಿಟ್ಟಿರಲಿಲ್ಲ, ಇನ್ನೊಬ್ಬನಿರಲಿಲ್ಲ, ಊರಿನವರ ಹೆದರಿಕೆಯೂ ಇರಲಿಲ್ಲ. ಬಾರದ ಬಸ್ಸಿಗೆ ಕಾಯುವವನ ಬೇಸರವೊಂದೇ ಇತ್ತು, ಕುರ್ಚಿಯ ತುಂಬ. ಅವನು ಎರಡು ಲೋಟ ಹಿಡಿದುಕೊಂಡು ಬಂದವನು ನಾನು ಎಲ್ಲಿ ಕೂತಿದ್ದೇನೆಂದು ನೋಡಿದ. ಲೋಟಗಳನ್ನು ಕೆಳಗಿಟ್ಟ. ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಟೀ ಕುಡಿದೆವು. ಆಮೇಲೆ ಲಾರಿ ಬಂತು. ನಮ್ಮೂರಿನಲ್ಲಿ ಹೀಗೆಯೇ, ಯಾರೂ ಯಾರಿಗೂ ಸಾಕು ಎಂದು ಹೇಳುವುದಿಲ್ಲ. ಹೇಳಿದ್ದರೆ ಯಾಕೆ ಎಂದಾದರೂ ಕೇಳುತ್ತಿದ್ದೆ, ಬೈಯುತ್ತಿದ್ದೆ, ಒಂದು ಲೋಟವನ್ನಾದರೂ ಎತ್ತಿ ಒಡೆಯುತ್ತಿದ್ದೆ.

ಇದೆಲ್ಲ ನನ್ನ ಗಂಟಲಿನಲ್ಲಿ, ಅನ್ನ ಇಳಿಯದ ಜಾಗದಲ್ಲೇ ಇತ್ತು. ಬಾಯಿ ತೆರೆದೆ. ಮೂವತ್ತು ದಾಟಿದವನು, ಮಕ್ಕಳಿಗೆ ಮಾವಿನಹಣ್ಣಿನ ಚಿತ್ರ ಬಿಡಿಸಲು ಕಲಿಸುವವನು, ಇದನ್ನು ಎಲ್ಲಿಂದ ಶುರು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಎದ್ದು ನಿಂತೆ.

"ಮೇಡಂ, ನೀವು ಒಂದು ಸಲ ಕೂತುಬಿಡಿ," ಎಂದೆ. "ನಿಮಗೇ ಗೊತ್ತಾಗುತ್ತೆ."

ಅವರು ಕಟ್ಟೆಯಿಂದ ಕದಲಲಿಲ್ಲ.

"ಬೇಗ ಮೇಡಂ," ಎಂದು ಅಮ್ಮ ಹೊರಗಿಟ್ಟ ಕಾಲನ್ನೂ ಒಳಗೆ ತಂದಳು. ಕುರ್ಚಿಯ ಹತ್ತಿರ ಬಂದು, ಮೇಲೆ ಎರಡೂ ಅಂಗೈ ಊರಿ, ಕಾವಲಿಯ ಬಿಸಿ ನೋಡುವವಳಂತೆ ನೋಡಿದಳು. "ಇನ್ನೂ ಬೆಚ್ಚಗಿದೆ. ಕೆಳಗಡೆ ಐಸು ಬೇರೆ. ಒಂದೇ ಒಂದು ನಿಮಿಷ ಕೂತ್ಕೊಳ್ಳಿ. ಅವನಿಗೆ ಹೇಳೋಕೆ ಬರಲ್ಲ, ನಮ್ಮ ಮನೇಲಿ ಯಾರಿಗೂ ಬರಲ್ಲ. ಬಂದವರೆಲ್ಲ ಕೂತಿದ್ದಾರೆ, ನಾನೂ ಕೂತಿದ್ದೀನಿ, ಏನೂ ಆಗಲ್ಲ. ಮೇಡಂ, ನಿಮಗೆ ಕೈಮುಗೀತೀನಿ, ಆರಿಹೋಗ್ತಾ ಇದೆ!"

ಜೊಹರಾ ಮೇಡಂ ಸ್ವೆಟರಿನ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡರು. ಅಮ್ಮನನ್ನು ನೋಡಿದರು, ಕುರ್ಚಿಯನ್ನು ನೋಡಿದರು, ಆಮೇಲೆ ನನ್ನನ್ನು.

"ಆರಲಿ," ಎಂದರು. "ನಾನು ಕೂರೋದಿಲ್ಲ."